ಉರಿಯುವ ಬಲ್ಬಿನ ಫೋಟೋ

ಚಿಕ್ಕಬಳ್ಳಾಪುರದ ಬಜಾರು ಬೀದಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಸ್ಟುಡಿಯೋ ಎಂದರೆ ರಸ್ತೆಗೆ ಮುಖ ಮಾಡಿದ ಒಂದು ಗಾಜಿನ ಶೋಕೇಸು, ಅದರ ಹಿಂದೆ ಒಂದು ಹಜಾರ, ಹಜಾರದ ಹಿಂದೆ ಡಾರ್ಕ್‌ರೂಮು. ಡಾರ್ಕ್‌ರೂಮು ನಿಜವಾಗಿ ಆ ಮನೆಯ ಅಡುಗೆಮನೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅದನ್ನು ನೋಡಿ, "ಇಲ್ಲಿ ಒಲೆ ಹಚ್ಚೋ ಹಾಗಿಲ್ಲ, ದೀಪ ಹಚ್ಚೋ ಹಾಗಿಲ್ಲ, ಬಾಗಿಲು ತೆಗೆಯೋ ಹಾಗಿಲ್ಲ. ಅಡುಗೆ ಮನಸ್ಸಲ್ಲೇ ಮಾಡ್ಲಾ?" ಎಂದು ಕೇಳಿ, ಹಿತ್ತಲಲ್ಲಿ ತಾನೇ ಒಂದು ಒಲೆ ಹಾಕಿಕೊಂಡಳು.

ಬೆಳಕಿದ್ದ ಕಡೆ ಫೋಟೋ ತೆಗೆಯುವವರು ನಮ್ಮ ಸೀಮೆಯಲ್ಲಿ ಆಗಲೇ ನಾಲ್ಕಾರು ಮಂದಿ ಇದ್ದರು. ಕತ್ತಲೆ ಮನೆಯೊಳಗೆ, ಅದರಲ್ಲೂ ಉರಿಯುವ ದೀಪವನ್ನೋ ಬಿಸಿಲು ಬಿದ್ದ ಬಾಗಿಲನ್ನೋ ಎದುರಿಗಿಟ್ಟುಕೊಂಡು ಫೋಟೋ ತೆಗೆಯುವವನು ನಾನೊಬ್ಬನೇ ಎಂಬ ಹೆಸರು ನನಗೆ ಬಂದದ್ದು ಐವತ್ತರ ದಶಕದ ಕೊನೆಯ ಹೊತ್ತಿಗೆ. ಆ ಹೆಸರಿಗೆ ಮೂಲ ಒಂದು ದೊಡ್ಡ ಅವಮಾನ.

ಚಿಂತಾಮಣಿಯ ಕಡಲೆಕಾಯಿ ಮಂಡಿ ಯಜಮಾನರೊಬ್ಬರು ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶದ ಸಂಜೆ ನಡುಮನೆಯಲ್ಲಿ ಮೂರು ಗ್ಯಾಸ್‌ಲೈಟು ತೂಗುಹಾಕಿ, ಅವುಗಳ ಕೆಳಗೆ ಮನೆಮಂದಿಯನ್ನೆಲ್ಲ ಸಾಲಾಗಿ ಕೂರಿಸಿ, ಫೋಟೋ ತೆಗಿ ಎಂದರು. ಕಣ್ಣಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು. ತೆಗೆದೆ. ತೊಳೆದು ನೋಡಿದರೆ ಮೂರು ಸೂರ್ಯ, ಅವುಗಳ ಕೆಳಗೆ ಒಂದಷ್ಟು ಮಸಿ. ಧೈರ್ಯ ಮಾಡಿ ತೆಗೆದುಕೊಂಡು ಹೋದೆ. ಯಜಮಾನರು ಬಹಳ ಹೊತ್ತು ನೋಡಿದರು.

"ಗ್ಯಾಸ್‌ಲೈಟು ಬಾಡಿಗೇಗೆ ತಂದಿದ್ದು ಕಣಪ್ಪ. ಅವು ಚೆನ್ನಾಗಿ ಬಂದವೆ. ನಮ್ಮ ತಂದೆಯೋರು ಎಲ್ಲಿ?"

ನಾನು ಒಂದು ಕಪ್ಪು ಆಕಾರದ ಮೇಲೆ ಬೆರಳಿಟ್ಟೆ.

"ಅದು ಕಂಬ," ಎಂದರು.

ಅದು ಕಂಬವೇ ಆಗಿತ್ತು.

ಆಮೇಲೆ ಒಂದು ವರ್ಷ ನಾನು ಮಾಡಿದ್ದು ಇದೇ ಕೆಲಸ. ನನ್ನ ಡಾರ್ಕ್‌ರೂಮಿನ ಪಕ್ಕದ ಕೋಣೆಯಲ್ಲಿ ಲಾಂದ್ರ ಹಚ್ಚಿಟ್ಟು, ಅದರ ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿ ಫೋಟೋ ಮೂಡುವ ಗಾಜಿನ ಪ್ಲೇಟು ಒಂದರ ಮೇಲೊಂದು ಹಾಳು ಮಾಡಿದೆ. ನಮ್ಮ ಕಣ್ಣು ದೀಪವನ್ನೂ ನೋಡುತ್ತದೆ, ದೀಪದ ಪಕ್ಕದ ಮುಖವನ್ನೂ ನೋಡುತ್ತದೆ. ಗಾಜಿನ ಪ್ಲೇಟಿಗೆ ಆ ಜಾಣತನವಿಲ್ಲ. ಮುಖ ಕಾಣುವಷ್ಟು ಹೊತ್ತು ಲೆನ್ಸು ತೆರೆದಿಟ್ಟರೆ ದೀಪ ಉಕ್ಕಿ ಹರಿದು ಸುತ್ತಲಿನದನ್ನೆಲ್ಲ ನುಂಗುತ್ತದೆ. ದೀಪ ದೀಪದಂತೆ ಕಾಣಲಿ ಎಂದು ಕ್ಷಣದಲ್ಲಿ ಮುಚ್ಚಿದರೆ ಮನುಷ್ಯರು ಇಲ್ಲವಾಗುತ್ತಾರೆ. ಕೊನೆಗೆ ನಾನು ಕಂಡುಕೊಂಡ ಉಪಾಯ ಸುಲಭದ್ದು. ದೀಪ ಆರಿಸಿ, ಕಿಟಕಿಯಿಂದ ಬರುವ ಹಗಲು ಬೆಳಕಿನಲ್ಲೇ ಒಂದು ನಿಮಿಷ ಲೆನ್ಸು ತೆರೆದಿಡುವುದು. ಕೋಣೆ, ಮನುಷ್ಯರು, ಸಾಮಾನು ಎಲ್ಲ ನಿಧಾನವಾಗಿ ಪ್ಲೇಟಿಗೆ ಇಳಿಯುತ್ತವೆ. ಆಮೇಲೆ ಕೊನೆಯ ಎರಡು ಸೆಕೆಂಡು ಮಾತ್ರ ದೀಪ ಹಚ್ಚಿ, ಲೆನ್ಸಿಗೆ ಮುಚ್ಚಳ ಹಾಕುವುದು. ಎಲ್ಲವೂ ಒಂದೇ ಪ್ಲೇಟಿನಲ್ಲಿ ಬರುತ್ತದೆ. ಒಂದೇ ಷರತ್ತು, ಆ ಒಂದು ನಿಮಿಷ ಯಾರೂ ಅಲ್ಲಾಡಬಾರದು.

ಇನ್ನೊಂದು ತೊಂದರೆ ಉಳಿಯಿತು. ದೀಪದ ಬೆಳಕು ಪ್ಲೇಟಿನ ಗಾಜನ್ನು ತೂರಿಹೋಗಿ, ಹಿಂದಿನಿಂದ ತಿರುಗಿ ಬಂದು, ದೀಪದ ಸುತ್ತ ಬಳೆ ಬಳೆಯಾಗಿ ನಿಲ್ಲುತ್ತಿತ್ತು. ಬೆಲ್ಲವನ್ನು ಕಪ್ಪಾಗುವವರೆಗೆ ಕಾಯಿಸಿ, ಅದಕ್ಕೆ ಕೆಮ್ಮಣ್ಣು ಕಲಸಿ ಪ್ಲೇಟಿನ ಬೆನ್ನಿಗೆ ಬಳಿದರೆ ಆ ಬಳೆ ಹೋಗುತ್ತದೆಂದು ಗೊತ್ತಾಯಿತು. ಹೆಂಡತಿಯ ಒಲೆಯ ಮುಂದೆ ಕೂತು ನಾನು ಬೆಲ್ಲ ಸೀಯಿಸುವುದನ್ನು ಅಕ್ಕಪಕ್ಕದವರೆಲ್ಲ ನೋಡಿದರು. ಮೊದಲ ಸಲ ಪ್ಲೇಟಿಗೆ ಇರುವೆ ಮುತ್ತಿ, ಒಬ್ಬ ಹೆಡ್‌ಮಾಸ್ತರ ಹಣೆಯ ಮೇಲೆ ಏಳು ಇರುವೆ ಅಚ್ಚಾಗಿ ಬಂದವು. ಅಂದಿನಿಂದ ಪ್ಲೇಟಿನ ಪೆಟ್ಟಿಗೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಡತೊಡಗಿದೆ.

ಹೀಗಿರುವಾಗ, ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಗೆ ಹೊಸದಾಗಿ ಕರೆಂಟು ಬಂದಿತ್ತು. ಆ ಭಾಗದ ಬ್ಲಾಕ್ ಆಫೀಸಿನಿಂದ ನನಗೆ ಬುಲಾವು ಬಂತು. ಹೋದೆ. ಬಿಡಿಓ ಸಾಹೇಬರು ನನ್ನನ್ನು ಕೂರಿಸಿ, ಒಂದು ಫೈಲು ಬಿಚ್ಚಿ, ಒಳಗಿನ ಫೋಟೋ ತೋರಿಸಿದರು.

ಊರಾಚೆಯ ಕೇರಿಯ ಒಂದು ಮನೆ. ರೇಷ್ಮೆಹುಳು ಸಾಕುವ ಮನೆ. ಕೇರಿಯ ಮೊದಲ ಬಲ್ಬು ಆ ಮನೆಯಲ್ಲೇ ಉರಿಯಬೇಕೆಂದು ಮೇಲಿನವರ ಅಪೇಕ್ಷೆಯಾಗಿದ್ದರಿಂದ, ಎರಡು ತಿಂಗಳ ಹಿಂದೆ ಅಲ್ಲಿ ಉದ್ಘಾಟನೆ ನಡೆದಿತ್ತು. ಗೌರಿಬಿದನೂರಿನ ಕಡೆಯಿಂದ ಬಂದಿದ್ದ ಫೋಟೋಗ್ರಾಫರೊಬ್ಬರು ಮದ್ದಿನ ಪುಡಿ ಸಿಡಿಸಿ ಫೋಟೋ ತೆಗೆದಿದ್ದರು. ಆ ಕಾಲದಲ್ಲಿ ಫ್ಲಾಷ್ ಎಂದರೆ ಅದೇ: ತಗಡಿನ ಮೇಲೆ ಪುಡಿ ಸುರಿದು ಢಮ್ಮೆನ್ನಿಸುವುದು. ಫೋಟೋದಲ್ಲಿ ಎಲ್ಲರೂ ಸುಣ್ಣ ಬಳಿದಂತೆ ಬೆಳ್ಳಗಿದ್ದರು, ಎಲ್ಲರ ಕಣ್ಣೂ ಮುಚ್ಚಿದ್ದವು. ಮದ್ದಿನ ಬೆಳಕಿನ ಮುಂದೆ ಬಲ್ಬಿನ ಬೆಳಕು ಎಷ್ಟು ಮಾತ್ರದ್ದು? ಬಲ್ಬು ಸೂರಿನಿಂದ ಇಳಿಬಿದ್ದ ಬದನೆಕಾಯಿಯ ಹಾಗೆ ಕಾಣುತ್ತಿತ್ತು.

ಫೋಟೋದ ಹಿಂದೆ ಮೇಲಿನ ಕಚೇರಿಯ ಕಾಗದ. "ಛಾಯಾಚಿತ್ರದಲ್ಲಿ ಬಲ್ಬು ಇರುವುದು ಕಂಡುಬಂದಿದೆಯಾದರೂ ಅದು ಉರಿಯುತ್ತಿದೆಯೇ ಎಂಬುದು ಸ್ಪಷ್ಟವಾಗಿಲ್ಲ. ವಿವರಣೆ ನೀಡುವುದು." ಅದರ ಹಿಂದೆ ಸಾಹೇಬರ ಉತ್ತರ: "ಬಲ್ಬು ಉರಿಯುತ್ತಿತ್ತು." ಅದರ ಹಿಂದೆ ಮತ್ತೆ ಮೇಲಿನ ಕಚೇರಿ: "ಹಾಗಿದ್ದಲ್ಲಿ ಛಾಯಾಚಿತ್ರದಲ್ಲಿ ಅದು ಕಾಣತಕ್ಕದ್ದು."

"ನಾನು ಸ್ವತಃ ಸ್ವಿಚ್ ಹಾಕಿದೀನಿ ಕಣ್ರೀ," ಎಂದರು ಸಾಹೇಬರು. ಅವರು ಕೆಟ್ಟವರಲ್ಲ. ಎರಡು ತಿಂಗಳಿಂದ ಆ ಒಂದು ಬಲ್ಬಿನಿಂದ ನಿದ್ದೆಗೆಟ್ಟಂತೆ ಕಾಣುತ್ತಿದ್ದರು. "ಬಲ್ಬು ಉರೀತಿರಬೇಕು, ಉರೀತಿರೋದು ಕಾಣಬೇಕು. ನಾನು ಕಾಣಬೇಕು. ಸ್ವಿಚ್ಚಿನ ಮೇಲೆ ನನ್ನ ಕೈ ಕಾಣಬೇಕು. ಮನೆಯೋರು, ಹುಳ, ಪಂಚಾಯ್ತಿ ಚೇರ್ಮನ್ನರು ಎಲ್ಲಾ ಕಾಣಬೇಕು. ಆಗುತ್ತಾ?"

"ಆಗುತ್ತೆ ಸಾರ್. ಒಂದು ನಿಮಿಷ ಎಲ್ಲರೂ ಅಲ್ಲಾಡದೆ ನಿಲ್ಲಬೇಕು. ಅಷ್ಟು ಹೊತ್ತು ಬಲ್ಬು ಆರಿಸಿರಬೇಕು."

ಸಾಹೇಬರು ಪೆನ್ನು ಕೆಳಗಿಟ್ಟರು. "ಬಲ್ಬು ಆರಿಸಿ, ಬಲ್ಬು ಉರಿಯೋ ಫೋಟೋ ತೆಗಿತೀರಾ?"

ನಾನು ವಿವರಿಸಿದೆ. ಅವರು ಕೇಳಿದರು. ಮತ್ತೊಮ್ಮೆ ವಿವರಿಸಿದೆ. ಕೊನೆಗೆ, "ಇದನ್ನ ಫೈಲಲ್ಲಿ ಬರೆಯೋದು ಬೇಡ," ಎಂದರು.

ಮರುದಿನ ಗ್ರಾಮಸೇವಕರ ಜೊತೆ ಸೈಕಲ್ಲಿನಲ್ಲಿ ಆ ಹಳ್ಳಿಗೆ ಹೋದೆ. ಮನೆಯ ಯಜಮಾನಿ ಐವತ್ತರ ಆಸುಪಾಸಿನ ಹೆಂಗಸು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗ ಕಲ್ಲು ಒಡೆಯುವ ಕೆಲಸಕ್ಕೆ ಹೋಗುತ್ತಿದ್ದ. ಅವಳೂ ಸೊಸೆಯೂ ಒಂದು ತುಂಡು ಹಿಪ್ಪುನೇರಳೆ ತೋಟ ಇಟ್ಟುಕೊಂಡು ಹುಳು ಸಾಕುತ್ತಿದ್ದರು. ನನ್ನ ಕೈಲಿದ್ದ ಕ್ಯಾಮೆರಾ ಪೆಟ್ಟಿಗೆ ನೋಡಿದ್ದೇ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಬೇಡಪ್ಪಾ. ಹೋದ ಸಲ ಢಮ್ ಅನ್ನಿಸಿ ಹೋದ್ರು. ಮನೆ ತುಂಬ ಹೊಗೆ. ಎರಡು ದಿನದಲ್ಲಿ ಹಣ್ಣಾಗೋ ಹುಳ. ಒಂದೂ ಗೂಡು ಕಟ್ಟಲಿಲ್ಲ. ಅಷ್ಟನ್ನೂ ಬಾಚಿ ತಿಪ್ಪೆಗೆ ಹಾಕಿದ್ವಿ. ಏಂ ಚೇಸೇದಿ, ಏನ್ ಮಾಡೋದು?"

ಗ್ರಾಮಸೇವಕರು, "ಹೊಗೆಯಿಂದಾನೇ ಅಂತ ಹೆಂಗೆ ಹೇಳ್ತೀಯಮ್ಮ, ರೋಗ ಬಂದಿರಬಹುದು," ಎಂದರು.

"ರೋಗ ಬಂದ್ರೆ ಮೊದಲು ಒಂದು ತಟ್ಟೆಗೆ ಬರುತ್ತೆ, ಆಮೇಲೆ ಇನ್ನೊಂದಕ್ಕೆ. ಎಲ್ಲಾ ತಟ್ಟೆಗೂ ಒಂದೇ ದಿನ ಬಂದ್ರೆ ಅದಕ್ಕೇನಂತಾರೆ, ಓದಿರೋನು ನೀನೇ ಹೇಳಪ್ಪ."

ಗ್ರಾಮಸೇವಕರು ಸೈಕಲ್ಲಿನ ಗಾಳಿ ನೋಡತೊಡಗಿದರು.

ನಾನು ಪೆಟ್ಟಿಗೆ ಬಿಚ್ಚಿ ತೋರಿಸಿದೆ. ಮದ್ದಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಈ ಮುಚ್ಚಳ ತೆಗೆಯುತ್ತೇನೆ, ಅರವತ್ತು ಎಣಿಸುತ್ತೇನೆ, ಮುಚ್ಚುತ್ತೇನೆ. ನೀವು ಉಸಿರಾಡುತ್ತ ಸುಮ್ಮನೆ ಕೂತಿದ್ದರಾಯಿತು, ಹುಳುವೂ ಅಲ್ಲಾಡದಿದ್ದರೆ ಒಳ್ಳೆಯದು, ಎಂದೆ. ಕೊನೆಯ ಮಾತು ಹೇಳಿ ನನಗೇ ನಾಚಿಕೆಯಾಯಿತು. ಆದರೆ ಅವಳು ಅದನ್ನು ಗಂಭೀರವಾಗಿಯೇ ತೆಗೆದುಕೊಂಡಳು.

"ಹಂಗಾದ್ರೆ ಮೂರನೇ ಜ್ವರದ ದಿನ ಬಾ. ಇವತ್ತಿಗೆ ಆರು ದಿನ."

ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಒಂದು ದಿನ ಸೊಪ್ಪು ತಿನ್ನದೆ, ತಲೆ ಎತ್ತಿಕೊಂಡು ಕಲ್ಲಿನಂತೆ ಕೂತಿರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ಆವಾಗ ಅವೂ ಅಲ್ಲಾಡಲ್ಲ, ನಾವೂ ಗಟ್ಟಿಯಾಗಿ ಮಾತಾಡಲ್ಲ," ಎಂದಳು. ನನ್ನ ಇಡೀ ವೃತ್ತಿಯಲ್ಲಿ ಫೋಟೋಕ್ಕೆ ಇಷ್ಟು ಸರಿಯಾದ ಮುಹೂರ್ತವನ್ನು ಇನ್ನಾರೂ ಇಟ್ಟುಕೊಟ್ಟಿಲ್ಲ.

ಗ್ರಾಮಸೇವಕರು ಆಫೀಸಿಗೆ ವರದಿ ಮಾಡಿದರು. ಆಫೀಸಿನ ಗುಮಾಸ್ತರು ಮೇಲಿನ ಕಚೇರಿಗೆ ಬರೆದರು: "ಫಲಾನುಭವಿಯ ಮನೆಯಲ್ಲಿ ಮೂರನೆಯ ಜ್ವರ ಬರುವುದನ್ನು ಕಾದು ಛಾಯಾಚಿತ್ರ ತೆಗೆಸಲಾಗುವುದು." ಹುಳು ಎಂಬ ಪದ ಎಲ್ಲೋ ಬಿಟ್ಟುಹೋಗಿತ್ತು. ಇದು ನನಗೆ ಗೊತ್ತಾದದ್ದು ಫೋಟೋದ ದಿನವೇ, ಅದರ ಫಲ ಕಣ್ಣೆದುರು ಬಂದು ನಿಂತಾಗ.

ಆ ದಿನ ಬೆಳಿಗ್ಗೆ ಸಣ್ಣ ರೈಲಿನಲ್ಲಿ ಹೊರಟೆ. ಆ ರೈಲು ಕುಲುಕುವ ಕುಲುಕಿಗೆ ಹೆದರಿ ಪ್ಲೇಟಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡಿದ್ದೆ. ಎದುರು ಕೂತಿದ್ದವರೊಬ್ಬರು, ಬೆಲ್ಲದ ವಾಸನೆ ಬಂದು, "ಯಾವ ಊರ ಸಂತೆಗೆ?" ಎಂದು ಕೇಳಿದರು.

ಹತ್ತು ಗಂಟೆಗೆ ಕೇರಿಯ ಮನೆಯಲ್ಲಿ ಕ್ಯಾಮೆರಾ ನಿಲ್ಲಿಸಿದೆ. ಒಂದೇ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಬಿದಿರಿನ ತಟ್ಟೆಗಳು, ಒಂದರ ಮೇಲೊಂದು. ಎಡಗಡೆ ಮೊಳದುದ್ದದ ಕಿಟಕಿ, ಮೇಲೆ ಒಂದು ಗಾಜಿನ ಹೆಂಚು. ಅಷ್ಟೇ ಬೆಳಕು, ನನಗೆ ಸಾಕಾಗುವಷ್ಟು. ಎದುರಿಗೆ ಮಾತ್ರ ಬಾಗಿಲು. ಅದರಾಚೆ ಬಟಾಬಯಲು, ಉರಿಬಿಸಿಲು. ಅದನ್ನು ಹಾಗೇ ಬಿಟ್ಟರೆ ಬಲ್ಬಿಗಿಂತ ಮೊದಲು ಬಾಗಿಲೇ ಪ್ಲೇಟನ್ನು ಸುಡುತ್ತಿತ್ತು. ಮನೆಯವರಿಂದ ಒಂದು ಕಂಬಳಿ ಇಸಿದುಕೊಂಡು ಬಾಗಿಲ ಹೊರಮೈಗೆ ಇಳಿಬಿಟ್ಟೆ. ಕರಿ ಕಂಬಳಿ, ನಡುವಿನಲ್ಲಿ ಅಡ್ಡಕ್ಕೆ ಬಿಳಿ ಪಟ್ಟೆಗಳು.

ಸೊಸೆ ಒಂದು ಚೊಂಬು ನೀರು ತಂದು ಕ್ಯಾಮೆರಾದ ಪಕ್ಕ ನೆಲದ ಮೇಲಿಟ್ಟು, ದೂರ ಸರಿದು ನಿಂತಳು. ಕುಡಿದರೆ ಕುಡಿಯಲಿ, ಬಿಟ್ಟರೆ ಬಿಡಲಿ ಎಂಬಂತೆ. ಕುಡಿದೆ. ಆದರೆ ಮನೆಗೆ ಬಂದು, ನಮ್ಮ ಜೊತೆಗಿದ್ದ ಅಮ್ಮನ ಹತ್ತಿರ ಅದನ್ನು ಹೇಳಲಿಲ್ಲ. ಮುಂದೆ ನಾನು ಹೇಳುವ ಚೇರ್ಮನ್ನರ ಸಂಗತಿ ಓದಿ ನಗುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಚೇರ್ಮನ್ನರು ಊರೊಳಗಿನ ದೊಡ್ಡ ಹಿಡುವಳಿದಾರರು. ಇಸ್ತ್ರಿ ಮಾಡಿದ ಪಂಚೆ, ಕೋಟು, ರುಮಾಲು. ಅವರು ಹೊಸ್ತಿಲ ಆಚೆ, ಕಂಬಳಿ ಸರಿಸಿಕೊಂಡು, ಬಾಗಿಲ ಚೌಕಟ್ಟಿನಲ್ಲಿ ನಿಂತರು. ಹಿಂದಿನ ಫೋಟೋದಲ್ಲೂ ಅಲ್ಲೇ ನಿಂತಿದ್ದರು.

"ಯಜಮಾನ್ರೇ, ಅಲ್ಲಿ ನಿಂತ್ರೆ ಹಿಂದಿನ ಬಿಸಿಲಿಗೆ ನಿಮ್ಮ ಮುಖ ಬರೋದಿಲ್ಲ. ಕಪ್ಪಾಗಿ ಬರುತ್ತೆ. ಒಳಗೆ ಬನ್ನಿ," ಎಂದೆ.

"ಇಲ್ಲೇ ಸರಿಯಾಗಿದೆ ಬಿಡಪ್ಪ. ಒಳಗೆ ಹುಳ ಇದಾವೆ, ಯಾಕೆ ಗಾಬರಿ ಮಾಡೋದು."

"ಹುಳಕ್ಕೆ ಏನೂ ಆಗಲ್ಲ ಸ್ವಾಮಿ, ಬನ್ನಿ," ಎಂದಳು ಯಜಮಾನಿ. ಅವಳ ಮುಖದಲ್ಲಿ ಏನೂ ಇರಲಿಲ್ಲ.

ಸಾಹೇಬರು ಅಷ್ಟರಲ್ಲಿ ಒಳಗೆ ಬಂದು ಸ್ವಿಚ್ಚಿನ ಪಕ್ಕ ನಿಂತಿದ್ದರು. ಅವರಿಗೆ ಎರಡೂ ಕಷ್ಟ. ಚೇರ್ಮನ್ನರನ್ನು ಒತ್ತಾಯಿಸಿದರೆ ಪಂಚಾಯ್ತಿಯಲ್ಲಿ ಕೆಲಸ ನಿಲ್ಲುತ್ತದೆ. ಒತ್ತಾಯಿಸದಿದ್ದರೆ ಫೋಟೋದಲ್ಲಿ ಚೇರ್ಮನ್ನರ ಜಾಗದಲ್ಲಿ ಒಂದು ಕಪ್ಪು ಕಂಬ ಬರುತ್ತದೆ. ಕೊನೆಗೆ ಒಂದು ಒಪ್ಪಂದವಾಯಿತು. ಚೇರ್ಮನ್ನರು ಹೊಸ್ತಿಲ ಮೇಲೆ ನಿಲ್ಲುವುದು. ಹೊಸ್ತಿಲು ಒಳಗೂ ಅಲ್ಲ, ಹೊರಗೂ ಅಲ್ಲ. ಕಂಬಳಿ ಮಾತ್ರ ಅವರ ಬೆನ್ನ ಹಿಂದೆ ಬರುವುದು. ಕಂಬಳಿ ಬಿದ್ದರೆ ಹೊರಗೆ ನಿಂತ ಊರವರಿಗೆ ತಾವು ಎಲ್ಲಿದ್ದೇವೆಂದು ಕಾಣುವುದಿಲ್ಲ ಎಂಬುದೇ ಅವರ ಚಿಂತೆ. ನಾನು ಒಂದು ನಿಮಿಷದ ಮಾತು ಎಂದು ಸಮಾಧಾನ ಹೇಳಿದೆ.

ಎಲ್ಲ ಸಿದ್ಧವಾಯಿತು. ಸಾಹೇಬರು ಪರೀಕ್ಷೆಗೆಂದು ಸ್ವಿಚ್ ಹಾಕಿದರು. ಕರೆಂಟು ಇರಲಿಲ್ಲ.

ಲೈನ್‌ಮನ್ನನ್ನು ಕರೆತರಲು ಗ್ರಾಮಸೇವಕರು ಹೋದರು. ಸ್ವಿಚ್ಚು ಹಾಕಿಯೇ ಇಟ್ಟು, ಎಲ್ಲರೂ ಬಲ್ಬನ್ನೇ ನೋಡುತ್ತ ಕೂತೆವು. ಅತ್ತೆ ಸೊಸೆ ತಟ್ಟೆಗಳ ಮುಂದೆ ಕೂತು, ಎಲ್ಲ ಹುಳುವೂ ಜ್ವರಕ್ಕೆ ಕೂತಿವೆಯೇ ಎಂದು ಒಂದೊಂದೇ ತಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದರು.

ಹನ್ನೊಂದು ಗಂಟೆಗೆ ಕಂಬಳಿ ಸರಿಯಿತು. ಲೈನ್‌ಮನ್ ಎಂದುಕೊಂಡೆವು. ಖಾಕಿ ಚಡ್ಡಿ ತೊಟ್ಟ, ಕೈಪಂಪು ಹಿಡಿದ, ಬಕೆಟ್ಟು ತೂಗುಹಾಕಿಕೊಂಡ ಮನುಷ್ಯ ಒಳಗೆ ಬಂದ. ಮಲೇರಿಯಾದ ಡಿಡಿಟಿ ಹೊಡೆಯುವವನು.

"ಜ್ವರ ಇರೋ ಮನೆ ಇದೇನಾ?"

"ಹೌದು," ಎಂದಳು ಸೊಸೆ, ಪಾಪ.

"ಮೂರನೇ ಜ್ವರಾನಾ?"

"ಹೌದಣ್ಣ, ಇವತ್ತೇ ಕೂತಿವೆ."

ಅವನು ಬಕೆಟ್ಟು ಕೆಳಗಿಟ್ಟು ಪಂಪಿನ ಕೊಳವೆ ಅದರೊಳಗೆ ಇಳಿಬಿಟ್ಟ. ಆ ಔಷಧಿ ಬಿದ್ದ ಗೋಡೆಯ ಹತ್ತಿರ ರೇಷ್ಮೆಹುಳು ಉಳಿಯುವುದಿಲ್ಲ ಎಂಬುದು ಆ ಸೀಮೆಯಲ್ಲಿ ಚಿಕ್ಕ ಮಗುವಿಗೂ ಗೊತ್ತು. ಯಜಮಾನಿ ಎದ್ದಳು. ಓಡಲಿಲ್ಲ, ಕೂಗಲಿಲ್ಲ. ಜ್ವರದ ಹುಳುವಿನ ಮುಂದೆ ಅದೆಲ್ಲ ಕೂಡದು. ನೇರ ಹೋಗಿ ಬಕೆಟ್ಟಿನ ಮುಂದೆ ಕೂತು, ಅದರ ಬಾಯಿಗೆ ತನ್ನ ಸೆರಗು ಹಾಸಿ, ಅದರ ಮೇಲೆ ಎರಡೂ ಕೈಯೂರಿದಳು.

"ಯಾರಿಗಪ್ಪ ಜ್ವರ ಅಂತ ಬಂದೆ?"

"ಆರ್ಡರ್ ಬಂದಿದೆಯಮ್ಮ. ಫಲಾನುಭವಿ ಮನೇಲಿ ಮೂರನೇ ಜ್ವರ ಅಂತ." ಅವನು ಜೇಬಿನಿಂದ ಕಾಗದ ತೆಗೆದ.

"ಜ್ವರ ಇರೋರ ಕೈ ಹಿಡಿದು ನೋಡ್ತೀಯಾ? ಬಾ ಇಲ್ಲಿ." ಅವಳು ತಲೆಯಲ್ಲೇ ತಟ್ಟೆಯ ಕಡೆ ತೋರಿಸಿದಳು. "ಅಲ್ಲಿದಾವೆ. ಐದಾರು ಸಾವಿರ ಇರಬೌದು."

ಸಾಹೇಬರು ಆ ಕಾಗದ ಇಸಿದುಕೊಂಡು ಓದಿದರು. ಅದರ ಕೆಳಗೆ ತಮ್ಮದೇ ಕಚೇರಿಯ ಪತ್ರದ ಉಲ್ಲೇಖವಿತ್ತು. ಮತ್ತೊಮ್ಮೆ ಓದಿ, ಮಡಿಸಿ, ತಮ್ಮ ಜೇಬಿಗೆ ಹಾಕಿಕೊಂಡರು. "ನೀನು ಹೋಗಪ್ಪ. ಹೊಡೆದಾಯ್ತು ಅಂತ ಬರಕೋ," ಎಂದರು.

"ಗೋಡೆ ಮೇಲೆ ತಾರೀಖು ಬರೀಬೇಕು ಸಾರ್."

"ಹೊರಗಡೆ ಗೋಡೆ ಮೇಲೆ ಬರಿ."

ಅವನು ಹೊರಗಿನ ಗೋಡೆಯ ಮೇಲೆ ಗೇರುಮಣ್ಣಿನಲ್ಲಿ ಡಿಡಿಟಿ ಎಂದೂ ತಾರೀಖನ್ನೂ ಬರೆದು, ಬಕೆಟ್ಟು ಎತ್ತಿಕೊಂಡು ಹೋದ. ಸೆರಗಿಗೆ ಆ ಔಷಧಿ ತಾಗಿರಬಹುದೆಂದು ಯಜಮಾನಿ ಪಕ್ಕದ ಮನೆಗೆ ಹೋಗಿ ಸೀರೆ ಬದಲಿಸಿ, ಕೈ ತೊಳೆದು ಬಂದಳು. ಎರಡು ತಿಂಗಳಲ್ಲಿ ಎರಡನೆಯ ಸಲ ಸರ್ಕಾರ ಅವಳ ಹುಳುವನ್ನು ಹುಡುಕಿಕೊಂಡು ಬಂದಿತ್ತು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಬಲ್ಬು ತಾನಾಗಿ ಹತ್ತಿಕೊಂಡಿತು. ಕೂಡಲೇ ಆರಿಸಿ ಎಂದೆ. ಇಷ್ಟು ಹೊತ್ತು ಕಾದು ಬಂದದ್ದನ್ನು ಆರಿಸಲು ಸಾಹೇಬರಿಗೆ ಮನಸ್ಸು ಬರಲಿಲ್ಲ. ಆದರೂ ಆರಿಸಿದರು. ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸಿದೆ. ಅತ್ತೆ ಸೊಸೆ ಒಂದು ತಟ್ಟೆಯ ಎರಡು ಬದಿಗೆ. ಸಾಹೇಬರ ಕೈ ಸ್ವಿಚ್ಚಿನ ಮೇಲೆ. ಚೇರ್ಮನ್ನರು ಹೊಸ್ತಿಲ ಮೇಲೆ. ಕಂಬಳಿ ಬಿಟ್ಟೆ.

"ನಾನು ಎಣಿಸ್ತೀನಿ. ಅರವತ್ತಕ್ಕೆ ಹಾಕಿ ಅಂತೀನಿ, ಆವಾಗ ಸ್ವಿಚ್ ಹಾಕಿ ಸಾರ್. ಅಲ್ಲೀವರೆಗೂ ಯಾರೂ ಅಲ್ಲಾಡಬೇಡಿ, ಮಾತಾಡಬೇಡಿ."

ಮುಚ್ಚಳ ತೆಗೆದೆ. ಹತ್ತರವರೆಗೆ ಎಲ್ಲರೂ ಕಂಬದಂತೆ ನಿಂತಿದ್ದರು. ಹದಿನೈದಕ್ಕೆ ಸಾಹೇಬರು ತುಟಿ ಅಲ್ಲಾಡಿಸದೆ, "ಆಗ್ತಿದೆಯಾ?" ಎಂದರು. ನಾನು ಎಣಿಸುತ್ತಿದ್ದೆ, ಉತ್ತರ ಕೊಡುವ ಹಾಗಿರಲಿಲ್ಲ. ಉತ್ತರ ಬಾರದ್ದರಿಂದ ಅವರು ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಬಲ್ಬಿನ ಕಡೆ. ಇಪ್ಪತ್ತೆಂಟಕ್ಕೆ ಹೊರಗೆ ಯಾರೋ, "ಚೇರ್ಮನ್ನರು ಒಳಗೆ ಹೋಗವ್ರಾ?" ಎಂದು ಇನ್ನಾರನ್ನೋ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಮೂವತ್ತಕ್ಕೆ ಚೇರ್ಮನ್ನರು ಹಿಂದಕ್ಕೆ ಸರಿದು ಕಂಬಳಿಯಡಿ ನುಸುಳಿ ಮಾಯವಾದರು. ಅವರು ಹೋದ ಕಡೆಗೆ ಸಾಹೇಬರ ತಲೆ ಪೂರ್ತಿ ತಿರುಗಿತು. ಅರವತ್ತಕ್ಕೆ "ಹಾಕಿ" ಎಂದೆ. ಹಾಕಿದರು. ಎರಡು ಎಣಿಸಿ ಮುಚ್ಚಿದೆ. ತಂದಿದ್ದ ಇನ್ನೊಂದು ಪ್ಲೇಟಿಗೆ ಅವಕಾಶವಾಗಲಿಲ್ಲ. ಕರೆಂಟು ಮತ್ತೆ ಹೋಗಿತ್ತು.

ಮನೆಗೆ ಬಂದು ಪ್ಲೇಟು ತೊಳೆದು, ಒಣಗಿಸಿ, ಪ್ರಿಂಟು ಹಾಕಿದಾಗ ನಾನು ಬಹಳ ಹೊತ್ತು ಕೂತು ನೋಡಿದೆ. ನಾನು ಅಲ್ಲಿಯವರೆಗೆ ತೆಗೆದದ್ದರಲ್ಲೇ ಅದು ಚೆನ್ನಾದ ಫೋಟೋ. ಬಲ್ಬಿನೊಳಗಿನ ತಂತಿ ಕೂಡ ಕಾಣುತ್ತಿತ್ತು, ಸುತ್ತ ಬಳೆಯಿಲ್ಲ. ಬಿದಿರಿನ ಹೆಣಿಗೆ, ಹೆಂಚಿನ ಸಾಲು, ತಲೆಯೆತ್ತಿ ಕೂತ ಹುಳುಗಳು ಒಂದೊಂದೂ. ಅತ್ತೆ ಸೊಸೆಯರ ಮುಖ, ರೆಪ್ಪೆ, ಕಿವಿಯ ಓಲೆ. ಸಾಹೇಬರ ಕೈ ಸ್ವಿಚ್ಚಿನ ಮೇಲೆ ಅಚ್ಚುಕಟ್ಟಾಗಿತ್ತು. ವಾಚಿನಲ್ಲಿ ಎಷ್ಟು ಗಂಟೆಯೆಂದೂ ಓದಬಹುದಿತ್ತು. ಆ ಕೈ ಹಿಡಿದು ಮೇಲೆ ಹೋದರೆ ತೋಳು, ಕಾಲರು, ಅದರ ಮೇಲೆ ಒಂದು ಹತ್ತಿಯ ಉಂಡೆ. ಬಾಗಿಲಲ್ಲಿ ಚೇರ್ಮನ್ನರು ಅರ್ಧ ಇದ್ದರು. ಕೋಟಿದೆ, ರುಮಾಲಿದೆ, ಮೀಸೆಯೂ ಇದೆ, ಆದರೆ ಹೊಟ್ಟೆಯ ಮೇಲೆ ಕಂಬಳಿಯ ಬಿಳಿ ಪಟ್ಟೆಗಳು ಹಾದುಹೋಗಿದ್ದವು.

ಹೆಂಡತಿ ನೋಡಿ, "ಇವರು ತೀರಿಕೊಂಡಿದಾರಾ?" ಎಂದು ಕೇಳಿದಳು.

ಸಾಹೇಬರು ಪ್ರಿಂಟನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದರು. "ನನ್ನ ಮುಖ ಎಲ್ಲಿ?"

"ಇದೆ ಸಾರ್. ಸ್ವಲ್ಪ ಎಡಕ್ಕಿದೆ, ಸ್ವಲ್ಪ ಬಲಕ್ಕಿದೆ."

ಮತ್ತೊಮ್ಮೆ ತೆಗೆಯಬೇಕೆಂದರೆ ಇನ್ನೊಂದು ಜ್ವರ ಕಾಯಬೇಕು. ಇನ್ನೊಂದು ಜ್ವರದ ಕಾಗದ ಬರೆಸುವ ಧೈರ್ಯ ಅವರಿಗಿರಲಿಲ್ಲ. ಹಾಗೇ ಕಳಿಸಿದರು. ಹದಿನೈದು ದಿನಕ್ಕೆ ಉತ್ತರ ಬಂತು: "ಬಲ್ಬು ಉರಿಯುತ್ತಿರುವುದನ್ನು ಗಮನಿಸಲಾಗಿದೆ. ಕಡತ ಮುಕ್ತಾಯಗೊಳಿಸುವುದು." ಅದನ್ನು ನನಗೆ ತೋರಿಸುವಾಗ ಸಾಹೇಬರ ಮುಖ ಬಾಡಿತ್ತು.

"ಸ್ವಿಚ್ ಹಾಕ್ತಿರೋದು ಯಾರು ಅಂತ ಒಬ್ಬರೂ ಕೇಳಲಿಲ್ಲ ನೋಡಿ," ಎಂದರು.

ಮಾರನೆಯ ತಿಂಗಳು ಚೇರ್ಮನ್ನರೇ ಸ್ಟುಡಿಯೋಕ್ಕೆ ಬಂದರು. ಯಾವುದೋ ವಸ್ತುಪ್ರದರ್ಶನದಲ್ಲಿ ಆ ಫೋಟೋ ದೊಡ್ಡದಾಗಿ ಅಂಟಿಸಿದ್ದರಂತೆ. ತಮ್ಮ ಆಕಾರ ಸರಿಯಿಲ್ಲ, ಗಟ್ಟಿ ಮಾಡಿಕೊಡಬೇಕು ಎಂದರು.

"ಬಣ್ಣ ಹಚ್ಚಿ ಗಟ್ಟಿ ಮಾಡಬಹುದು ಯಜಮಾನ್ರೇ. ಆವಾಗ ನೀವು ಪೂರ್ತಿ ಆ ಮನೇಲಿ ನಿಂತಿರೋ ಹಂಗೆ ಕಾಣುತ್ತೆ."

ಅವರು ಯೋಚಿಸಿದರು. "ಪೂರ್ತಿ ತೆಗೆದುಹಾಕಿದ್ರೆ?"

"ಉದ್ಘಾಟನೆಗೆ ನೀವು ಹೋಗೇ ಇಲ್ಲ ಅಂತ ಆಗುತ್ತೆ."

ಮತ್ತಷ್ಟು ಯೋಚಿಸಿದರು. ಪ್ರಿಂಟನ್ನು ಮತ್ತೆ ಕೈಗೆ ತೆಗೆದುಕೊಂಡು, ತಮ್ಮ ಹೊಟ್ಟೆಯ ಮೇಲಿನ ಪಟ್ಟೆಗಳ ಮೇಲೆ ಬೆರಳಾಡಿಸಿದರು. ನಿಧಾನವಾಗಿ ಅವರ ಮುಖ ತಿಳಿಯಾಯಿತು. ಆಫೀಸಿನವರು ಕೇಳಿದರೆ, ಇಗೋ ರುಮಾಲು, ಇಗೋ ಮೀಸೆ. ಊರವರು ಕೇಳಿದರೆ, ಇಗೋ ಕಂಬಳಿ, ಮನುಷ್ಯ ಇದ್ದಿದ್ದರೆ ಅವನ ಹಿಂದಿನ ಕಂಬಳಿ ಕಾಣುತ್ತಿತ್ತೇ?

"ಹಿಂಗೇ ಇರ್ಲಿ ಬಿಡಪ್ಪ. ಎರಡು ಕಾಪಿ ಹಾಕಿಕೊಡು," ಎಂದರು.

ಹಾಕಿಕೊಟ್ಟೆ. ಮುಂದಿನ ಚುನಾವಣೆಯಲ್ಲೂ ಅವರೇ ಗೆದ್ದರೆಂದು ಕೇಳಿದೆ.

ಆ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಯಜಮಾನಿಯೂ ಸೊಸೆಯೂ ನನ್ನ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದರು. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಬಂದವರು, ಸೊಸೆಗೆ ಆಗ ಐದು ತಿಂಗಳು. ಶೋಕೇಸಿನಲ್ಲಿ ನಾನು ಆ ಫೋಟೋ ಇಟ್ಟಿದ್ದೆ. ಯಜಮಾನಿ ಅದನ್ನು ಗಾಜಿನಾಚೆಯಿಂದ ನೋಡುತ್ತಿದ್ದಳು.

"ಆ ಬೆಳೆ ಹೆಂಗಾಯ್ತಮ್ಮ?" ಎಂದು ಕೇಳಿದೆ.

"ಚೆನ್ನಾಗಾಯ್ತಪ್ಪ. ಗೂಡು ಗಟ್ಟಿ ಬಂತು." ಫೋಟೋದಿಂದ ಕಣ್ಣು ತೆಗೆಯದೆ, "ಗೋಡೆ ಮೇಲೆ ಡಿಡಿಟಿ ಅಂತ ಬರೆದು ಹೋದ್ನಲ್ಲ, ಅದನ್ನ ನೋಡಿ ಇನ್ನೊಬ್ಬ ಬಂದಿಲ್ಲ," ಎಂದಳು.

ನಾನು ಫೋಟೋದ ಒಂದು ಕಾಪಿ ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. "ಅದು ಅವರ ಬಲ್ಬಿನ ಫೋಟೋ. ನಮ್ಮಿಬ್ಬರದ್ದು ಒಂದು ತೆಗಿ. ಕತ್ತಲೇಲಿ ಬೇಡ."

ಹಜಾರದಲ್ಲಿ ಮಹಲಿನ ಮೆಟ್ಟಿಲು ಬರೆದ ಪರದೆ ಇತ್ತು. ಅದರ ಮುಂದೆ ಕೂರಿಸಲು ಹೋದರೆ, ಇದು ಯಾರ ಮನೆ ಎಂದು ಕೇಳಿ, ಬೇಡವೆಂದಳು. ಹಿತ್ತಲಿಗೆ ಕರೆದುಕೊಂಡು ಹೋದೆ. ನನ್ನ ಹೆಂಡತಿಯ ಒಲೆ, ಒಣಹಾಕಿದ ಸೀರೆ, ನುಗ್ಗೆಮರ. ಹೆಂಡತಿ ಸೀರೆ ತೆಗೆದು, ಒಲೆಯ ಮುಂದಿನ ಎರಡು ಮಣೆ ತಂದು ಹಾಕಿದಳು. ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದು ಇಬ್ಬರ ಕೈಗೂ ಲೋಟ ಕೊಟ್ಟಳು. ಅಮ್ಮ ಆವತ್ತು ಊರಲ್ಲಿರಲಿಲ್ಲ.

"ಎಷ್ಟು ಹೊತ್ತು ಕೂತಿರಬೇಕು?" ಎಂದಳು ಯಜಮಾನಿ, ಆಗಲೇ ಉಸಿರು ಬಿಗಿಹಿಡಿದು.

"ಈ ಬಿಸಿಲಲ್ಲಿ ಕಣ್ಣು ಮಿಟುಕಿಸೋ ಅಷ್ಟೂ ಬೇಡ. ಅಲ್ಲಾಡಿದ್ರೂ ಪರವಾಗಿಲ್ಲ."

ಅಲ್ಲಾಡಬಹುದು ಎಂದದ್ದೇ ಸೊಸೆಗೆ ನಗು ಬಂತು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಿಲ್ಲಲಿಲ್ಲ. ಅತ್ತೆ ಅವಳ ಕಡೆ ಗದರಿಸುವಂತೆ ತಿರುಗಿದಳು, ಅಷ್ಟರಲ್ಲಿ ಅವಳಿಗೂ ನಗು ಹತ್ತಿತು. ನಾನು ತೆಗೆದೆ. ಅದು ಪ್ರಿಂಟಾಗಿ ಕೈಗೆ ಬಂದಾಗ ಯಜಮಾನಿ ಅದನ್ನು ಸೆರಗಿನಲ್ಲಿ ಒರೆಸಿ, ಹಲ್ಲು ಕಾಣುತ್ತದೆಂದು ಸ್ವಲ್ಪ ಬೇಸರಪಟ್ಟುಕೊಂಡು, ಸೊಸೆಯ ಚೀಟಿಯ ಜೊತೆ ಆಸ್ಪತ್ರೆಯ ಲಕೋಟೆಯೊಳಗಿಟ್ಟು ತೆಗೆದುಕೊಂಡು ಹೋದಳು.